ಲೇಹ್‌ಗೆ ಹೊರಟವರ ಜೇಬಿನ ಫೋನು

ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ವಿಮಾನದಿಂದಿಳಿದ ಪ್ರವಾಸಿಗರೆಲ್ಲ ಮೊದಲು ಮಾಡುವ ಕೆಲಸ ಊರಿಗೆ ಫೋನು. ನಮ್ಮ ಜೊತೆಗಿದ್ದ ಕಾಲೇಜು ಹುಡುಗನ ಅಂಗೈ ಮೀರಿದ ಹೊಸ ಫೋನು ಮಾತ್ರ ಮೂಕವಾಗಿತ್ತು. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯದು, ಪೋಸ್ಟ್‌ಪೇಯ್ಡ್ ಬೇಕು. ಅಂಗಡಿಯಲ್ಲಿ ಕ್ಯಾಮೆರಾ, ಬಣ್ಣ ಎಲ್ಲ ವಿಚಾರಿಸಿದ್ದನಂತೆ, ಇದೊಂದನ್ನು ಬಿಟ್ಟು! ನನ್ನ ಪುಟ್ಟ ಫೋನಿನಲ್ಲೇ ತಾಯಿಯೊಡನೆ ಮಾತಾಡಿದ.

ಎತ್ತರದ ಗಾಳಿಗೆ ಮೈ ಒಗ್ಗಲೆಂದು ಎರಡು ದಿನ ಲೇಹ್‌ನಲ್ಲೇ ಉಳಿದು, ಆಮೇಲೆ ಪಾಂಗಾಂಗ್ ಸರೋವರಕ್ಕೆ ಹೋದೆವು. ಅದು 4,200 ಮೀಟರಿಗೂ ಮೇಲೆ. ಕೊರೆಯುವ ಚಳಿಗೆ ಲಿಥಿಯಂ ಬ್ಯಾಟರಿಯ ಕಸುವು ಉಡುಗುತ್ತದೆ. ರಾತ್ರಿ ಡೇರೆಯ ಮೇಜಿನ ಮೇಲಿಟ್ಟಿದ್ದ ಹುಡುಗನ ಫೋನು ಬೆಳಗ್ಗೆ ಏಳಲೇ ಇಲ್ಲ. ಸ್ವೆಟರಿನ ಒಳಜೇಬಿನಲ್ಲಿ ಮೈಶಾಖಕ್ಕೆ ಮಲಗಿದ್ದ ನನ್ನದು ಎದ್ದಿತು. ಪ್ರವಾಸಕ್ಕೆ ಚಿಕ್ಕ ಫೋನು ಲೇಸೆನ್ನುವುದು ಈ ಒಳಜೇಬಿನ ದೆಸೆಯಿಂದ. ಆದರೆ ಅದರ ಬ್ಯಾಟರಿಯೂ ಚಿಕ್ಕದೇ. ಪವರ್ ಬ್ಯಾಂಕ್ ಬೇಕೇ ಬೇಕು, ಅದೂ ವಿಮಾನದಲ್ಲಿ ಕೈಚೀಲದಲ್ಲೇ. ಚೆಕ್-ಇನ್ ಸಾಮಾನಿನಲ್ಲಿ ಬಿಡುವುದಿಲ್ಲ. ನಕ್ಷೆಯನ್ನು ಊರಲ್ಲೇ ಇಳಿಸಿಕೊಂಡಿರಿ.

ಸರೋವರದ ದಂಡೆಯಲ್ಲಿ ನನ್ನ ಫೋನಿಗೂ ಸಿಗ್ನಲ್ ಇರಲಿಲ್ಲ. ಮರುದಿನ ಲೇಹ್ ತಲಪುತ್ತಲೇ ಹುಡುಗ ಮತ್ತೆ ಕೈಚಾಚಿದ: "ಸಾರ್, ಅಮ್ಮ ಕಾಯ್ತಿರ್ತಾರೆ..."