ತುಂಬೆ ಒಣಗಿತೆಂದು ಕೀಳಬೇಡಿ

ಸಿ.ವಿ. ರಾಮನ್ ನಗರ
ಡಿಸೆಂಬರ್ ಕೊನೆಯ ವಾರ

ಪ್ರೀತಿಯ ಗೆಳತಿ,

ನಿಮ್ಮ ಕಾಗದ ಸಿಕ್ಕಿತು. ಕುಂಡದ ತುಂಬೆ ಒಣಗಿ ಕಡ್ಡಿಯಾಗಿದೆ, ಕಿತ್ತುಹಾಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಅದಕ್ಕೆ ರೋಗ ಬಂದಿಲ್ಲ, ನೀವು ನೀರು ಕಡಿಮೆ ಮಾಡಿದ್ದೂ ಅಲ್ಲ. ಮಳೆಗೆ ಮೊಳೆತು, ಹೂಬಿಟ್ಟು, ಬೀಜ ಕಟ್ಟಿದರೆ ತುಂಬೆಯ ಆಯಸ್ಸು ಮುಗಿಯಿತು. ಬರುವ ವರ್ಷದ ಗಿಡಗಳೆಲ್ಲ ಈಗ ಆ ಒಣ ಕಡ್ಡಿಯಲ್ಲೇ ಇವೆ.

ಇಬ್ಬನಿ ಆರಿದ ಮೇಲೆ ಒಂದು ಕಡ್ಡಿ ಮುರಿದು ನೋಡಿ. ಗೆಣ್ಣಿನ ಸುತ್ತ ಚೆಂಡಿನ ಹಾಗೆ ಒತ್ತೊತ್ತಾಗಿ ಕೂತ ಸಣ್ಣ ಬಟ್ಟಲುಗಳು ಕಾಣುತ್ತವೆ. ಬಿಳಿ ಹೂ ಉದುರಿದ ಮೇಲೆ ಉಳಿದದ್ದು ಅವು. ಕಾಗದದ ಮೇಲೆ ತಲೆಕೆಳಗು ಮಾಡಿ ತಟ್ಟಿ. ಒಂದೊಂದು ಬಟ್ಟಲಿಗೆ ಹೆಚ್ಚೆಂದರೆ ನಾಲ್ಕು ಬೀಜ. ಕಂದು ಬಣ್ಣ, ಎಳ್ಳಿಗಿಂತ ತೆಳು. ಕಾಗದದ ಪೊಟ್ಟಣ ಕಟ್ಟಿ, ಬಿಸಿಲು ಬೀಳದ ಕಡೆ ಇಡಿ.

ಬಿತ್ತನೆಗೆ ರೋಹಿಣಿ ಮಳೆ ಬರಲಿ. ಮೊದಲ ವರ್ಷ ನಾನು ಬೀಜವನ್ನು ಬೆರಳುದ್ದ ಆಳಕ್ಕೆ ಹೂತೆ. ಮೇಲೆ ಬಂದದ್ದೇ ನಾಲ್ಕಾರು ಸಸಿ, ಅವನ್ನೂ ಅಂಗಳ ಚೊಕ್ಕಟ ಮಾಡಲು ಬಂದವರು ಕಳೆ ಎಂದು ಕಿತ್ತರು. ತುಂಬ ಬೇಜಾರಾಯಿತು. ಮರುವರ್ಷ ಬೀಜಕ್ಕೆ ಮರಳು ಬೆರೆಸಿ, ಕೆಮ್ಮಣ್ಣಿನ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿದೆ, ಅಷ್ಟೇ. ಗೊಬ್ಬರ ಹಾಕಲಿಲ್ಲ. ಆ ಸಲ ಮಳೆಗಾಲವಿಡೀ ಜೇನು. ಹೂವಿನ ಕೆಳದುಟಿಯ ಮೇಲೆ ಜೇನು ಇಳಿಯುತ್ತದೆ, ಮೇಲಿನ ಮುಸುಕಿನೊಳಗಿನ ಪರಾಗ ಅದರ ಬೆನ್ನಿಗೆ ಅಂಟುತ್ತದೆ. ಚಿಕ್ಕವರಿದ್ದಾಗ ತುಂಬೆ ಹೂ ಕಿತ್ತು ನಾವು ಹೀರುತ್ತಿದ್ದ ಸಿಹಿಗೇ ಅದೂ ಬರುವುದು.

ಕರ್ಣಕುಂಡಲವನ್ನೂ ಹೀಗೇ ಬೆಳೆಸಬಹುದು. ಬಲಿತ ಕಾಯಿ ಮುಟ್ಟಿದರೆ ಸಿಡಿಯುತ್ತದೆ, ಅಂಗೈ ಒಡ್ಡಿಕೊಂಡೇ ಮುಟ್ಟಿ. ಅದರ ಗುಲಾಬಿ ಬಣ್ಣ ಕಂಡಾಗ ನನಗೆ ರಾಮನ್ ನೆನಪಾಗುತ್ತಾರೆ. ನಮ್ಮ ಬಡಾವಣೆಗೆ ಯಾರ ಹೆಸರಿದೆಯೋ ಆ ವಿಜ್ಞಾನಿ ಇಳಿವಯಸ್ಸಿನಲ್ಲಿ ಹೂಗಳ ಬಣ್ಣದ ಬೆನ್ನುಹತ್ತಿದ್ದರು. 1968ರಲ್ಲಿ ಬಂದ ಅವರ ದೃಷ್ಟಿಶಾಸ್ತ್ರದ ಪುಸ್ತಕದಲ್ಲಿ ಹೂಬಣ್ಣಗಳ ವಿಚಾರವೂ ಇದೆ.

ತಡವಾಗಿ ಮೊಳೆತ ಎರಡು ತುಂಬೆಗೆ ನಾನಿನ್ನೂ ದಿನವೂ ನೀರು ಹಾಕುತ್ತಿದ್ದೇನೆ, ಶಿವರಾತ್ರಿಗೆ ಹಲಸೂರಿನ ಸೋಮೇಶ್ವರನಿಗೆ ಹೂ ಒಯ್ಯಲು.

ಇದರ ಜೊತೆ ಕರ್ಣಕುಂಡಲದ ಬೀಜ ಇಟ್ಟಿದ್ದೇನೆ. ಪೊಟ್ಟಣವನ್ನು ಫ್ಯಾನಿನ ಕೆಳಗೆ ಬಿಚ್ಚಬೇಡಿ.

ನಿಮ್ಮ ಗೆಳತಿ