ಅಘನಾಶಿನಿಯ ಬಳಚು

ಕುಮಟಾದಿಂದ ಅಘನಾಶಿನಿ ಊರಿಗೆ ಹೋದರೆ ಹೊಳೆ ಸಮುದ್ರ ಸೇರುವ ಜಾಗ ಸಿಗುತ್ತದೆ. ಆಚೆ ದಡದಲ್ಲಿ ತದಡಿ ಬಂದರು. ಈ ಅಳಿವೆಗೆ 2024ರಲ್ಲಿ ರಾಮ್ಸರ್ ತಾಣವೆಂಬ ಮನ್ನಣೆಯೂ ಬಂತು. ನೋಡಬೇಕೆಂದರೆ ಇಳಿತದ ಹೊತ್ತಿಗೆ ಹೋಗಬೇಕು. ಗಂಡಸರು ಹೆಂಗಸರು ನೀರಿಗಿಳಿದು, ಕೆಸರು ಮರಳಿನಲ್ಲಿ ತಡಕಾಡಿ ಬಳಚು ಹೆಕ್ಕುತ್ತಿರುತ್ತಾರೆ.

ನಾವು ಹೋದಾಗ ಬುಟ್ಟಿ ಹೊತ್ತು ಮೇಲೆ ಬಂದ ಅಮ್ಮ ಒಬ್ಬರು, "ಬಾಯಿ ಬಿಟ್ಟದ್ದು ತಗೊಳ್ಬೇಡಿ, ಅದು ಸತ್ತದೆ" ಎಂದರು. ಜೊತೆಗಿದ್ದ ಮೊಮ್ಮಗ ಕೇಳಿದ: "ಅಜ್ಜ, ದಿನಾ ಕೆಸರಲ್ಲೇ ಇರುತ್ತಲ್ಲ, ಇದಕ್ಕೆ ರೋಗ ಬರಲ್ವಾ?"

ಒಳ್ಳೆಯ ಪ್ರಶ್ನೆ. ಬಳಚು ನೀರನ್ನು ಒಳಗೆಳೆದು, ಕಿವಿರಿನಲ್ಲಿ ಸೋಸಿ ಆಹಾರ ಹುಡುಕುತ್ತದೆ. ಆ ನೀರಿನ ಜೊತೆ ಬ್ಯಾಕ್ಟೀರಿಯಾಗಳೂ ಒಳಗೆ ಬರುತ್ತವೆ. ಬಂದದ್ದು ಮೊದಲು ಲೋಳೆಗೆ ಅಂಟಿಕೊಳ್ಳುತ್ತದೆ. ಅದನ್ನೂ ದಾಟಿ ಮೈಯೊಳಗೆ ನುಗ್ಗಿದ್ದನ್ನು ರಕ್ತದ ಕಣಗಳು ಸುತ್ತುವರಿದು ನುಂಗಿ ಜೀರ್ಣಿಸಿಬಿಡುತ್ತವೆ. ಇಂಥ ನುಂಗುವ ಕಣಗಳ ಕೆಲಸವನ್ನು ರಷ್ಯಾದ ವಿಜ್ಞಾನಿ ಮೆಚ್ನಿಕಾಫ್ 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಕಂಡರು. ನಕ್ಷತ್ರ ಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿದರೆ, ಮರುದಿನ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು! 1908ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ನಮ್ಮ ಬಿಳಿ ರಕ್ತಕಣಗಳಲ್ಲೂ ಈ ಬಗೆಯವು ಇವೆ. ನಮ್ಮ ಕಣ್ಣೀರಿನಲ್ಲಿರುವ, ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಲೈಸೋಜೈಮ್ ಕೂಡ ಚಿಪ್ಪುಜೀವಿಗಳಲ್ಲಿದೆ. ನಮಗಿರುವ ಪ್ರತಿಕಾಯಗಳು ಮಾತ್ರ ಅವಕ್ಕಿಲ್ಲ.

ನನಗೆ ಬಹಳ ಹಿಡಿಸಿದ್ದು ಚಿಪ್ಪಿನ ಉಪಾಯ. ಫ್ರಾನ್ಸಿನ ಬ್ರಿಟನಿ ಕರಾವಳಿಯಲ್ಲಿ ಸಾಕಿದ ಬಳಚಿನ ಜಾತಿಯೊಂದಕ್ಕೆ 1987ರಲ್ಲಿ ದೊಡ್ಡ ರೋಗ ತಗುಲಿ ರಾಶಿರಾಶಿ ಸತ್ತವು. ವಿಬ್ರಿಯೋ ಜಾತಿಯ ಬ್ಯಾಕ್ಟೀರಿಯಾ ಚಿಪ್ಪಿನ ಅಂಚಿನಲ್ಲಿ ಒಳಗಡೆ ಬೀಡುಬಿಟ್ಟಿತ್ತು. ಪ್ರಾಣಿ ಅದರ ಮೇಲೆ ಕಂದು ಬಣ್ಣದ ಪದರ ಹೊದಿಸುತ್ತದೆ. ಚೇತರಿಸಿಕೊಂಡರೆ ಆ ಕಂದಿನ ಮೇಲೆ ಹೊಸ ಸುಣ್ಣದ ಪದರ ಕಟ್ಟಿ, ಶತ್ರುವನ್ನು ಗೋಡೆಯೊಳಗೇ ಹೂತುಬಿಡುತ್ತದೆ. ನಮ್ಮ ಕರಾವಳಿಯವರು ಚಿಪ್ಪು ಸುಟ್ಟು ಸುಣ್ಣ ಮಾಡಿ ಗೋಡೆಗೆ ಬಳಿದರೆ, ಬಳಚು ತನ್ನ ಮನೆಗೆ ತಾನೇ ಬಳಿದುಕೊಳ್ಳುತ್ತದೆ. ಇದನ್ನು ಹೇಳಿದ್ದೇ ತಡ, ಮೊಮ್ಮಗ ದಡದ ಚಿಪ್ಪಿನ ರಾಶಿಯಲ್ಲೆಲ್ಲ ಕಂದು ಉಂಗುರ ಹುಡುಕಿದ. ಒಂದೂ ಸಿಗಲಿಲ್ಲ.

ಆದರೆ ಈ ಕಾವಲೆಲ್ಲ ಬಳಚಿನ ಪ್ರಾಣ ಉಳಿಸಲು, ನಮ್ಮದಲ್ಲ. ಹೊಳೆಗೆ ಚರಂಡಿ ನೀರು ಸೇರಿದರೆ, ಅದಕ್ಕೆ ತೊಂದರೆ ಕೊಡದ ರೋಗಾಣುಗಳು ಒಳಗೇ ಉಳಿದು, ತಿಂದವರಿಗೆ ವಾಂತಿಭೇದಿ ತರಬಲ್ಲವು. ಬುಟ್ಟಿಯ ಅಮ್ಮ ಬಾಯಿ ಬಿಟ್ಟದ್ದನ್ನು ಆರಿಸಿ ಎಸೆಯುತ್ತಿದ್ದರಲ್ಲ, ಒಲೆಯ ಮೇಲೆ ಲೆಕ್ಕ ತಿರುಗುಮುರುಗು: ಎಷ್ಟು ಬೇಯಿಸಿದರೂ ಬಾಯಿ ಬಿಡದಿದ್ದರೆ ಅದನ್ನು ಎಸೆಯಬೇಕು.