ಟೈರು ನೋಡುವ ಶಾಸ್ತ್ರ

ನಮ್ಮ ಬ್ರಿಸ್ಟಲ್ ಮನೆಗೆ ಬಂದವರು ಬಾಗಿಲ ಮುಂದೆ ನಿಂತಿರುವ ಪುಟ್ಟ ಕೆಂಪು ಕಾರನ್ನು ಕಂಡು ಕೇಳುವ ಪ್ರಶ್ನೆಗಳು ನನಗೆ ಕಂಠಪಾಠವಾಗಿವೆ. ಯಾವ ವರ್ಷದ್ದು, ಎಷ್ಟು ಕೊಟ್ಟಿರಿ, ಗಂಟೆಗೆ ಎಷ್ಟು ಮೈಲಿ ಓಡೀತು, ಇಬ್ಬರೇ ಕೂರಬಲ್ಲ ಗಾಡಿ ಸಂಸಾರಸ್ಥನಿಗೆ ಏಕೆ? ಈ ಕೊನೆಯದನ್ನು ಕೇಳುವವರು ಸಾಮಾನ್ಯವಾಗಿ ಊರಿನಿಂದ ಬಂದ ಹಿರಿಯರು. ಅದಕ್ಕೆ ನನ್ನ ಹೆಂಡತಿಯೇ ಉತ್ತರ ಕೊಡಲೆಂದು ನಾನು ಕಾಫಿಯ ನೆಪದಲ್ಲಿ ಒಳಗೆ ಹೋಗಿಬಿಡುತ್ತೇನೆ. ಬಣ್ಣವನ್ನು ಹೊಗಳುವವರುಂಟು, ಮಡಚಿಡುವ ಬಟ್ಟೆಯ ಟಾಪನ್ನು ಮುಟ್ಟಿ ನೋಡುವವರುಂಟು, ಒಳಗೆ ಕುಳಿತು ಸ್ಟೀರಿಂಗು ತಿರುಗಿಸುವವರೂ ಉಂಟು. ಆದರೆ ಸೊಂಟ ಬಗ್ಗಿಸಿ ಟೈರನ್ನು ನೋಡಿದ ಪುಣ್ಯಾತ್ಮರೊಬ್ಬರನ್ನೂ ನಾನು ಕಾಣೆ.

ಅವರ ತಪ್ಪಲ್ಲ. ಟೈರು ಕಪ್ಪಗೆ, ದುಂಡಗೆ, ಎಲ್ಲ ಕಾರುಗಳಲ್ಲೂ ಒಂದೇ ತೆರನಾಗಿ ಕಾಣುತ್ತದೆ. ಆದರೆ ಕಾರು ನೆಲವನ್ನು ಮುಟ್ಟುವುದು ಆ ನಾಲ್ಕು ಕಡೆಗಳಲ್ಲಿ ಮಾತ್ರ. ಎಷ್ಟು ಮುಟ್ಟುತ್ತದೆಯೆಂಬ ಲೆಕ್ಕವನ್ನು ಹೈಸ್ಕೂಲಿನ ಹುಡುಗನೂ ಹಾಕಿಯಾನು. ನನ್ನ ಕಾರಿನ ತೂಕ ಸುಮಾರು 950 ಕಿಲೋಗ್ರಾಂ. ಒಂದೊಂದು ಗಾಲಿಯ ಪಾಲಿಗೆ 240 ಕಿಲೋ ಎನ್ನೋಣ. ಟೈರಿನೊಳಗೆ 26 ಪೌಂಡು ಗಾಳಿಯ ಒತ್ತಡ, ಎಂದರೆ ಒಂದು ಚದರ ಸೆಂಟಿಮೀಟರಿಗೆ 1.8 ಕಿಲೋದಷ್ಟು. ಭಾಗಿಸಿದರೆ ಬರುವುದು 130 ಚದರ ಸೆಂಟಿಮೀಟರು. ನಮ್ಮ ದೇಶದ ಅಂಚೆ ಕಾರ್ಡು 14 ಸೆಂಟಿಮೀಟರು ಉದ್ದ, 9 ಸೆಂಟಿಮೀಟರು ಅಗಲ, ಅಳೆದರೆ 126! ನಾಲ್ಕು ಅಂಚೆ ಕಾರ್ಡುಗಳಷ್ಟು ರಬ್ಬರನ್ನು ನಂಬಿ ಮನುಷ್ಯ ಗಂಟೆಗೆ ಎಪ್ಪತ್ತು ಮೈಲಿ ಓಡುತ್ತಾನೆ. ತಿರುವಿನಲ್ಲಿ ತಿರುಗಿಸುವುದೂ ಅವೇ, ಮಗುವೊಂದು ಅಡ್ಡ ಬಂದಾಗ ನಿಲ್ಲಿಸುವುದೂ ಅವೇ. ಬ್ರೇಕು ಎಷ್ಟೇ ಚೆನ್ನಾಗಿರಲಿ, ಅದು ನಿಲ್ಲಿಸುವುದು ಗಾಲಿಯನ್ನು. ಕಾರನ್ನು ನಿಲ್ಲಿಸುವುದು ಟೈರು.

ಇನ್ನು ಕಾರಿನ ವಿಷಯ. ಅದು ಮಾಜ್ದಾ ಎಂಎಕ್ಸ್-5. 1989ರ ಫೆಬ್ರವರಿಯಲ್ಲಿ ಷಿಕಾಗೋದ ಮೋಟಾರು ಪ್ರದರ್ಶನದಲ್ಲಿ ಮೊದಲು ಮುಖ ತೋರಿಸಿದ ಈ ಜಪಾನೀ ಗಾಡಿ, ಇಂಗ್ಲೆಂಡಿನವರು ತಾವೇ ಕೈಬಿಟ್ಟಿದ್ದ ಹಗುರ ಸ್ಪೋರ್ಟ್ಸ್ ಕಾರಿನ ಸುಖವನ್ನು ಅವರಿಗೇ ಮರಳಿ ಕಲಿಸಿತು. ನನ್ನದು 1990ರದು, ಕೊಂಡದ್ದು 2024ರ ಜೂನಿನಲ್ಲಿ. ಈ ಹುಚ್ಚು ಹತ್ತಿದ್ದು ಮಾತ್ರ ಬಹಳ ಹಿಂದೆ. ಎಂಬತ್ತರ ದಶಕದಲ್ಲಿ ಮೈಸೂರಿನಲ್ಲಿ ಓದುತ್ತಿದ್ದಾಗ ಗೆಳೆಯರೊಡನೆ ರೈಲು ಹತ್ತಿ ಮದರಾಸಿನ ಬಳಿಯ ಶೋಲಾವರಂಗೆ ಹೋಗಿ, ಯುದ್ಧಕಾಲದ ಹಳೆಯ ವಿಮಾನದ ಹಾದಿಯ ಮೇಲೆ ಕಾರುಗಳು ಓಡುವುದನ್ನು ಬಿಸಿಲಲ್ಲಿ ನಿಂತು ನೋಡಿದ್ದೆ. ಬ್ರಿಸ್ಟಲಿನಿಂದ ಇಪ್ಪತ್ತು ಮೈಲಿ ದೂರದ ಕಾಸಲ್ ಕೂಮ್ ಟ್ರ್ಯಾಕು ಕೂಡ ಯುದ್ಧಕಾಲದ ವಿಮಾನ ನಿಲ್ದಾಣದ ಅಂಚಿನ ರಸ್ತೆಯೇ. 1950ರಿಂದ ಅಲ್ಲಿ ಓಟಗಳು ನಡೆಯುತ್ತಿವೆ. ಒಂದು ಸುತ್ತಿಗೆ 1.85 ಮೈಲಿ. ವರ್ಷದಲ್ಲಿ ಕೆಲವು ದಿನ ಸಾರ್ವಜನಿಕರು ಹಣ ತೆತ್ತು ತಮ್ಮ ಕಾರನ್ನೇ ಅಲ್ಲಿ ಓಡಿಸಬಹುದು. ಅದು ಪಂದ್ಯವಲ್ಲ. ಗಡಿಯಾರ ಹಿಡಿಯುವಂತಿಲ್ಲ, ಮುಂದಿನವನು ದಾರಿ ಬಿಟ್ಟ ಹೊರತು ದಾಟುವಂತಿಲ್ಲ. ತಲೆಗೆ ಹೆಲ್ಮೆಟ್ಟು, ಸೈಲೆನ್ಸರಿಗೆ ಶಬ್ದದ ಪರೀಕ್ಷೆ. ಸಂಜೆ ಅದೇ ಕಾರಿನಲ್ಲಿ ಮನೆಗೆ ಬರಬೇಕು. ಮರುದಿನ ಅದರಲ್ಲೇ ಕೆಲಸಕ್ಕೆ ಹೋಗಬೇಕು. ತೊಡಕಿರುವುದು ಇಲ್ಲಿಯೇ.

ಕಾರನ್ನು ಮಾರಿದ ವೃದ್ಧರು ಅದನ್ನು ಷೆಡ್ಡಿನಲ್ಲಿ ದೇವರ ಪಟದಂತೆ ಇಟ್ಟಿದ್ದರು. ಟೈರುಗಳು ಹೊಸದರಂತೆ ಹೊಳೆಯುತ್ತಿದ್ದವು. ಊರಿನ ಮೆಕ್ಯಾನಿಕ್ಕುಗಳು 'ಬಟನ್' ಎನ್ನುತ್ತಾರಲ್ಲ, ಆ ಕಚ್ಚುಗಳ ನಡುವಣ ತೋಡಿನ ಆಳ ಆರು ಮಿಲಿಮೀಟರು ಇತ್ತು. ಇಲ್ಲಿನ ಕಾನೂನು ಕೇಳುವುದು 1.6 ಮಿಲಿಮೀಟರು ಮಾತ್ರ. ಆದರೆ ಟೈರಿನ ಪಕ್ಕೆಯ ಮೇಲೆ ಒಂದು ಪುಟ್ಟ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳ ಜಾತಕವಿರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನನ್ನ ಟೈರುಗಳದು 2313, ಎಂದರೆ 2013ರ ಇಪ್ಪತ್ತಮೂರನೆಯ ವಾರ. ಹನ್ನೊಂದು ವರ್ಷದ ರಬ್ಬರು!

"ಸವೆದೇ ಇಲ್ಲವಲ್ಲ, ಏಕೆ ತೆಗೆಯಬೇಕು?" ಎಂದಳು ನನ್ನಾಕೆ.

"ನಿನ್ನ ಕುಕ್ಕರಿನ ಗ್ಯಾಸ್ಕೆಟ್ಟು ಸವೆಯಿತೆಂದು ಬದಲಾಯಿಸುತ್ತೀಯೋ?" ಎಂದೆ.

ಆಕೆ ಮತ್ತೆ ಮಾತನಾಡಲಿಲ್ಲ. ಗ್ಯಾಸ್ಕೆಟ್ಟು ಸವೆಯುವುದಿಲ್ಲ, ಬಿರುಸಾಗುತ್ತದೆ. ಟೈರಿನದೂ ಅದೇ ಕಥೆ. ಗಾಳಿಯ ಆಮ್ಲಜನಕ, ಓಝೋನು, ಬಿಸಿಲು ಇವೆಲ್ಲ ಸೇರಿ ರಬ್ಬರಿನ ಮೃದುತ್ವವನ್ನು ಮೆಲ್ಲಮೆಲ್ಲನೆ ತಿನ್ನುತ್ತವೆ. ಹೆಚ್ಚು ಓಡದೆ ನಿಂತ ಕಾರಿನಲ್ಲಿ ಟೈರು ಸವೆಯುವ ಮೊದಲೇ ಮುಪ್ಪಡರುತ್ತದೆ. ರಬ್ಬರು ರಸ್ತೆಯನ್ನು ಹಿಡಿಯುವುದು ಅದರ ಸಣ್ಣ ಸಣ್ಣ ಉಬ್ಬು ತಗ್ಗುಗಳೊಳಕ್ಕೆ ಮೆತ್ತಗೆ ಇಳಿದು. ಗಟ್ಟಿಯಾದ ರಬ್ಬರು ಇಳಿಯದು, ಜಾರುತ್ತದೆ. ಬ್ರಿಟನ್ನಿನಲ್ಲಿ 2021ರ ಫೆಬ್ರವರಿಯಿಂದ ಬಸ್ಸು ಲಾರಿಗಳ ಮುಂದಿನ ಗಾಲಿಗೆ ಹತ್ತು ವರ್ಷ ಮೀರಿದ ಟೈರನ್ನು ಹಾಕುವಂತಿಲ್ಲ. ಕಾರುಗಳಿಗೆ ಆ ನಿಯಮವಿಲ್ಲ. ಕಾರಿನವನು ತನ್ನ ವಿವೇಕವನ್ನೇ ನಿಯಮವಾಗಿ ಇಟ್ಟುಕೊಳ್ಳಬೇಕು.

ಹಳೆಯವನ್ನು ತೆಗೆಯುವುದು ಸುಲಭ, ಹೊಸದನ್ನು ಆರಿಸುವುದು ಕಷ್ಟ. ಟ್ರ್ಯಾಕಿಗೆಂದೇ ಮಾಡಿದ, ಆದರೆ ರಸ್ತೆಗೂ ಕಾನೂನು ಒಪ್ಪುವ ಟೈರುಗಳಿವೆ. ಅವುಗಳ ರಬ್ಬರು ಮೆತ್ತಗೆ, ಪಕ್ಕೆ ಬಿರುಸು, ತೋಡುಗಳು ಕಡಿಮೆ. ನಾಲ್ಕಾರು ಸುತ್ತು ಓಡಿ ಚೆನ್ನಾಗಿ ಕಾದರೆ ಅಂಟಿನಂತೆ ನೆಲವನ್ನು ಹಿಡಿಯುತ್ತವೆ. ಆದರೆ ಕಾಯಬೇಕಲ್ಲ! ನವೆಂಬರಿನ ಬೆಳಗ್ಗೆ ಐದು ಡಿಗ್ರಿ ಚಳಿಯಲ್ಲಿ, ಕಚೇರಿಗೆ ಹೋಗುವ ಸಾಲಿನಲ್ಲಿ ಅವು ಕಾಯುವುದೆಂದು? ರಸ್ತೆಯ ಟೈರಿನದು ಇದಕ್ಕೆ ತಲೆಕೆಳಗು. ತಣ್ಣಗಿರುವಾಗಲೂ ಹಿಡಿಯುತ್ತದೆ, ಮಳೆಯಲ್ಲಿ ನಂಬಿಕೆಗೆ ಯೋಗ್ಯ. ಟ್ರ್ಯಾಕಿನಲ್ಲಿ ಐದಾರು ಸುತ್ತಾಗುವುದರೊಳಗೆ ಅತಿಯಾಗಿ ಕಾದು, ಎಣ್ಣೆ ಸವರಿದಂತೆ ಜಾರತೊಡಗುತ್ತದೆ. ಆಳವಾದ ತೋಡುಗಳ ನಡುವಣ ಕಚ್ಚುಗಳು ಬಳುಕಿ ಅಂಚುಗಳು ಹರಿಯುವುದೂ ಉಂಟು.

ಪಕ್ಕೆಯ ಮೇಲೆ ಸವೆತದ ಅಂಕಿಯೊಂದಿರುತ್ತದೆ. ಅಮೆರಿಕ ಸರ್ಕಾರದ ಏರ್ಪಾಟು. ನೂರಿದ್ದರೆ ಬೇಗ ಸವೆಯುವ ಮೆತ್ತನೆಯ ಟೈರು, ನಾನೂರಿದ್ದರೆ ಬಾಳಿಕೆಯದು. ಈ ಅಂಕಿಯನ್ನು ತಯಾರಕರು ತಾವೇ ಪರೀಕ್ಷಿಸಿ ತಾವೇ ಹಾಕಿಕೊಳ್ಳುತ್ತಾರಾದ್ದರಿಂದ ಒಬ್ಬರ ಇನ್ನೂರನ್ನು ಇನ್ನೊಬ್ಬರ ಇನ್ನೂರರೊಡನೆ ತೂಗುವುದು ಸರಿಯಲ್ಲ. ಮಾರುಕಟ್ಟೆಯ ಚೀಟಿಯಲ್ಲಿ ಮಳೆಯ ಹಿಡಿತಕ್ಕೆಂದೇ ಒಂದು ಅಕ್ಷರವಿರುತ್ತದೆ. 'ಎ' ಎಂದರೆ ಉತ್ತಮ. ನನಗೆ ಕಂಡಂತೆ ಸವೆತದ ಅಂಕಿಗಿಂತ ಆ ಒಂದಕ್ಷರವೇ ಹೆಚ್ಚು ಓದಿಸಿಕೊಳ್ಳಬೇಕಾದದ್ದು.

ಅಳತೆಯದೂ ಒಂದು ಪೇಚು. ಈ ಕಾರಿಗೆ ಕಂಪನಿಯವರು ಕೊಟ್ಟದ್ದು 185/60, ಹದಿನಾಲ್ಕು ಇಂಚಿನ ರಿಮ್ಮು. ಅಗಲ 185 ಮಿಲಿಮೀಟರು, ಪಕ್ಕೆಯ ಎತ್ತರ ಅದರ ನೂರಕ್ಕೆ ಅರವತ್ತು ಭಾಗ. ಈಗಿನ ಕಾರುಗಳ ಗಾಲಿಗಳು ಬಂಡಿಯ ಗಾಲಿಯಂತೆ ಬೆಳೆದುಬಿಟ್ಟಿರುವುದರಿಂದ ಹದಿನಾಲ್ಕು ಇಂಚಿನಲ್ಲಿ ಒಳ್ಳೆಯ ಟೈರುಗಳ ಆಯ್ಕೆ ಕಡಿಮೆಯಾಗಿದೆ. ಹದಿನೈದು ಇಂಚಿನ ರಿಮ್ಮಿಗೆ ಹೋಗಿ 195/50 ಹಾಕಿಸಿದರೆ ಆಯ್ಕೆ ಹೆಚ್ಚು. ಕಾಗದದ ಮೇಲೆ ಗುಣಿಸಿ ನೋಡಿದೆ: ಹಳೆಯ ಗಾಲಿಯ ಒಟ್ಟು ಎತ್ತರ 578 ಮಿಲಿಮೀಟರು, ಹೊಸದರದು 576. ವೇಗದ ಮುಳ್ಳು ಸುಳ್ಳು ಹೇಳುವ ಭಯವಿಲ್ಲ. ಹೀಗೆ ರಿಮ್ಮು ಹದಿನೈದು ಇಂಚಿನದಾಯಿತು.

ಎರಡು ಜೊತೆ ಗಾಲಿ ಇಟ್ಟುಕೊಳ್ಳಿ ಎಂದು ಪಕ್ಕದ ಮನೆಯ ಮುದುಕರು ಸಲಹೆ ಕೊಟ್ಟರು. ಪ್ರಾಯದಲ್ಲಿ ಓಟದ ಕಾರು ನಡೆಸಿದವರು. ಅವರ ಮಾತಿಗೆ ತೂಕವುಂಟು. ಆದರೆ ನನ್ನ ಕಾರಿನ ಡಿಕ್ಕಿಯಲ್ಲಿ ನಾಲ್ಕು ಗಾಲಿಯಿರಲಿ, ಮದುವೆಗೆ ಹೊರಟವರ ಒಂದು ಪೆಟ್ಟಿಗೆಯೂ ಹಿಡಿಯುವುದಿಲ್ಲ. ಅವನ್ನು ಎಳೆಯಲು ಒಂದು ಟ್ರೇಲರು, ಅದನ್ನು ನಿಲ್ಲಿಸಲು ಒಂದು ಜಾಗ, ಆ ಜಾಗಕ್ಕಾಗಿ ಮನೆಯವಳೊಡನೆ ಒಂದು ಜಗಳ! "ನನ್ನನ್ನು ನೋಡಲು ಬಂದ ದಿನ ಉಪ್ಪಿಟ್ಟು ಮುಗಿಸುವುದರೊಳಗೆ ಒಪ್ಪಿಕೊಂಡಿರಿ. ಈ ರಬ್ಬರಿನ ಬಳೆಗಳಿಗೆ ಎರಡು ತಿಂಗಳು ಬೇಕೆ?" ಎಂದು ಆಕೆ ಆಗಲೇ ಕೇಳಿಯಾಗಿತ್ತು.

ಆದ್ದರಿಂದ ಒಂದೇ ಜೊತೆ. ನಡುಹಾದಿಯದು ಸಾಕೆಂದುಕೊಂಡು, ಟ್ರ್ಯಾಕಿನ ಕಡೆಗೇ ತುಸು ವಾಲಿದ ಒಂದು ಟೈರನ್ನು ಮನಸ್ಸಿನಲ್ಲಿ ಗುರುತು ಮಾಡಿಕೊಂಡಿದ್ದೆ. ಆಗ ಆಗಸ್ಟು ಬಂತು. ಆಸ್ಪತ್ರೆಯ ಎಳೆಯ ವೈದ್ಯರಿಗೆ ಈ ದೇಶದಲ್ಲಿ ವರ್ಗವಾಗುವುದು ಆಗಸ್ಟಿನ ಮೊದಲ ವಾರದಲ್ಲಿ. ನಮ್ಮ ಮಗಳಿಗೆ ಸ್ವಿಂಡನ್ನಿಗೆ ಆಯಿತು. ನಲವತ್ತು ಮೈಲಿ, ಹೆಚ್ಚಿನದೆಲ್ಲ ಎಂ-4 ಹೆದ್ದಾರಿ, ಹಲವು ವಾರ ರಾತ್ರಿ ಪಾಳಿ. ಅವಳ ಸಣ್ಣ ಕಾರು ಅದೇ ಸಮಯಕ್ಕೆ ಪ್ರಾಣ ಬಿಟ್ಟಿತು.

"ಅಪ್ಪ, ಇನ್ನೊಂದು ಕೊಳ್ಳುವವರೆಗೆ ನಿಮ್ಮ ಕೆಂಪು ಕಾರು ಕೊಡುತ್ತೀರಾ? ಬೇಸಿಗೆ ಬರುವ ಹೊತ್ತಿಗೆ ಹಿಂದಿರುಗಿಸುತ್ತೇನೆ" ಎಂದು ಕೇಳಿದಳು.

ಕೊಡದೆ ಏನು ಮಾಡಲಿ? ವಿಮೆಯವರು ಹೆಚ್ಚಿಗೆ ಕೇಳಿದರು, ತೆತ್ತೆ. ಆದರೆ ಅಂದು ರಾತ್ರಿ ನಾನು ಗುರುತು ಮಾಡಿಕೊಂಡಿದ್ದ ಟೈರಿನ ಚಿತ್ರವನ್ನು ಮತ್ತೆ ನೋಡಿದಾಗ, ತೋಡುಗಳು ಹಿಂದಿನ ದಿನಕ್ಕಿಂತ ತೆಳ್ಳಗೆ ಕಂಡವು.

ನೀರು ನಿಂತ ರಸ್ತೆಯಲ್ಲಿ ವೇಗವಾಗಿ ಹೋಗುವ ಟೈರು ತನ್ನೆದುರಿನ ನೀರನ್ನು ತೋಡುಗಳ ಮೂಲಕ ಹೊರಹಾಕಬೇಕು. ಹಾಕಲಾರದೆ ಹೋದರೆ ನೀರು ಬೆಣೆಯಂತೆ ಅಡಿಗೆ ನುಗ್ಗಿ ಟೈರನ್ನು ನೆಲದಿಂದ ಎತ್ತಿಬಿಡುತ್ತದೆ. ಆಮೇಲೆ ಸ್ಟೀರಿಂಗು, ಬ್ರೇಕು ಎರಡೂ ಕೈಯಲ್ಲಿ ಇದ್ದೂ ಇಲ್ಲದಂತೆ. ಅಮೆರಿಕದ ನಾಸಾದವರು 1960ರ ದಶಕದಲ್ಲಿ ವಿಮಾನದ ಟೈರುಗಳಿಗಾಗಿ ಇದರ ಸೂತ್ರವೊಂದನ್ನು ಕಂಡುಹಿಡಿದರು. ನೀರು ತೋಡಿಗಿಂತ ಆಳವಾಗಿದ್ದರೆ ಟೈರು ತೇಲುವ ವೇಗ ಅದರ ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಕಾರಿಗೆ ಅದು ಸ್ಥೂಲವಾದ ಅಂದಾಜು ಮಾತ್ರ; ಆದರೂ 26 ಪೌಂಡನ್ನು ಅದರಲ್ಲಿ ಇಟ್ಟು ನೋಡಿದೆ. ಗಂಟೆಗೆ 53 ಮೈಲಿ. ಎಂ-4ರಲ್ಲಿ ಎಲ್ಲರೂ ಓಡುವುದು ಎಪ್ಪತ್ತರಲ್ಲಿ. ಪಾಳಿ ಮುಗಿಸಿ, ನಿದ್ದೆಗೆಟ್ಟ ಕಣ್ಣಿನಲ್ಲಿ, ಲಾರಿಗಳು ಎರಚುವ ನೀರಿನ ನಡುವೆ ಹಗುರವಾದ ಪುಟ್ಟ ಕಾರನ್ನು ಅವಳು ನಡೆಸಿಕೊಂಡು ಬರಬೇಕು. ಇದನ್ನು ನಾನು ಹೆಂಡತಿಗೆ ಹೇಳಲಿಲ್ಲ. ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಆಯ್ಕೆ ಅಲ್ಲಿಗೆ ಮುಗಿಯಿತು. ಮಳೆಯ ಹಿಡಿತಕ್ಕೆ 'ಎ' ಪಡೆದ, ಎಂಟು ಮಿಲಿಮೀಟರು ಆಳದ ತೋಡಿನ, ಆದರೆ ಪಕ್ಕೆ ತುಸು ಬಿಗಿಯಾದ ರಸ್ತೆಯ ಟೈರು. ಹೆಸರು ಹೇಳಿದರೆ ಜಾಹೀರಾತಾದೀತು, ಬೇಡ. ಹಳೆಯ ಕಾರಿಗೆ ಇದರಿಂದ ಇನ್ನೊಂದು ಉಪಕಾರವೂ ಉಂಟು. ಅಂಟುವ ಟೈರು ಹೆಚ್ಚು ಹಿಡಿದಷ್ಟೂ ಮೂವತ್ತನಾಲ್ಕು ವರ್ಷದ ಬೇರಿಂಗು, ಬುಷ್ಷುಗಳ ಮೇಲೆ ಬೀಳುವ ಎಳೆತವೂ ಹೆಚ್ಚು. ಅದು ಕೈಬಿಡುವಾಗಲೂ ಹೇಳದೆ ಕೇಳದೆ ಬಿಡುತ್ತದೆ. ರಸ್ತೆಯ ಟೈರು ಬಿಡುವ ಮೊದಲು ಗೊಣಗುತ್ತದೆ, ಕಿರುಚುತ್ತದೆ, ಕಾಲಾವಕಾಶ ಕೊಡುತ್ತದೆ.

ಹಾಕಿಸಲು ಅಂಗಡಿಗೆ ಹೋದಾಗ ಮೊದಲು ನೋಡಿದ್ದು ಹೊಸ ಟೈರುಗಳ ಜಾತಕವನ್ನು. ನಾಲ್ಕೂ ಅದೇ ವರ್ಷದವು. 'ಹೊರಗೆ' ಎಂದು ಬರೆದ ಪಕ್ಕೆ ಹೊರಗಡೆಗೇ ಇದೆಯೆ ಎಂದೂ ನೋಡಿಕೊಂಡೆ. ಅಂಗಡಿಯ ಹುಡುಗ ನಕ್ಕ. ನಗಲಿ. ಹೊಸ ಟೈರಿನ ಮೈಯಲ್ಲಿ ಅಚ್ಚಿನಿಂದ ಬಿಡಿಸುವಾಗ ಹಚ್ಚಿದ ನುಣುಪು ಉಳಿದಿರುತ್ತದಾದ್ದರಿಂದ ಮೊದಲ ನೂರು ಮೈಲಿ ಮೆಲ್ಲಗೆ ಓಡಿಸಬೇಕು. ಆ ನೂರು ಮೈಲಿಯನ್ನು ನಾನೇ ಓಡಿಸಿ ಮಗಳ ಕೈಗೆ ಬೀಗದ ಕೈ ಕೊಟ್ಟೆ. ಇಪ್ಪತ್ತು ಪೆನ್ಸ್ ನಾಣ್ಯವನ್ನು ತೋಡಿನಲ್ಲಿ ಇಳಿಸಿ ಆಳ ನೋಡುವ ಉಪಾಯವನ್ನೂ ತೋರಿಸಿದೆ. ನಾಣ್ಯದ ಹೊರ ಅಂಚು ಕಾಣಿಸಿದರೆ ಟೈರು ಮುಗಿಯಿತೆಂದೇ ತಿಳಿಯಬೇಕು.

ಅಕ್ಟೋಬರಿನಲ್ಲಿ ಅವಳಿಗೆ ರಜೆಯಿದ್ದ ಒಂದು ದಿನ ಕಾರನ್ನು ಬೇಡಿಕೊಂಡು ಕಾಸಲ್ ಕೂಮಿಗೆ ಹೋದೆ. ದಾರಿಯ ಆಚೆಗೆ ಕೆಲವೇ ಮೈಲಿಯಲ್ಲಿ ಮೆಲ್ಕ್‌ಷಮ್ ಊರು. ನೂರಕ್ಕೂ ಹೆಚ್ಚು ವರ್ಷ ಏವನ್ ಟೈರುಗಳನ್ನು ಮಾಡಿದ ಅಲ್ಲಿನ ಕಾರ್ಖಾನೆ 2023ರಲ್ಲಿ ಕೆಲಸ ನಿಲ್ಲಿಸಿತ್ತು. ಟ್ರ್ಯಾಕಿನಲ್ಲಿ ಏವನ್ ರೈಸ್ ಎಂಬ ಏರನ್ನು ದಾಟುವಾಗ ಕಾರು ಒಂದು ಕ್ಷಣ ಹಗುರಾಗುತ್ತದೆ; ಕೂಡಲೇ ಬ್ರೇಕು ಒತ್ತಿ ಕ್ವಾರಿ ಎಂಬ ಬಲ ತಿರುವಿಗೆ ಇಳಿಸಬೇಕು. ನಾಲ್ಕು ಸುತ್ತು ಟೈರುಗಳು ಚೆನ್ನಾಗಿ ಹಾಡಿದವು. ಐದನೆಯದರಲ್ಲಿ ಕ್ವಾರಿಯ ನಡುವೆ ಮೂತಿ ಹೊರಗೆ ಸರಿಯಿತು. ಆರನೆಯದನ್ನು ಮೆಲ್ಲಗೆ ಓಡಿಸಿ ಹೊರಗೆ ಬಂದೆ. ಅಳೆದರೆ ಗಾಳಿ 26ರಿಂದ 33 ಪೌಂಡಿಗೆ ಏರಿತ್ತು. ಮೂರು ಪೌಂಡು ಬಿಟ್ಟು, ಹುಲ್ಲಿನ ಮೇಲೆ ಕುಳಿತು ಫ್ಲಾಸ್ಕಿನ ಕಾಫಿ ಕುಡಿದೆ. ಅಂಟುವ ಟೈರಿನವರು ಇಪ್ಪತ್ತು ನಿಮಿಷ ಬಿಡದೆ ಓಡುತ್ತಿದ್ದರು; ಹೊಟ್ಟೆಕಿಚ್ಚಾಗಲಿಲ್ಲವೆಂದರೆ ಸುಳ್ಳಾದೀತು. ಸಂಜೆ ಹೊರಡುವ ಮೊದಲು ಬಿಟ್ಟ ಗಾಳಿಯನ್ನು ಮತ್ತೆ ತುಂಬಿದೆ.

ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಎಂ-4ರ ಒಂದು ತಗ್ಗಿನಲ್ಲಿ ನೀರು ಹಾಳೆಯಂತೆ ನಿಂತಿತ್ತು. ವೇಗ ಇಳಿಸಿ ದಾಟಿದೆ. ಸ್ಟೀರಿಂಗು ಕೈಯೊಳಗೆ ತನ್ನ ಭಾರವನ್ನು ಉಳಿಸಿಕೊಂಡೇ ಇತ್ತು. ಆ ತಗ್ಗು ಎಲ್ಲಿದೆಯೆಂದು ಮೈಲಿಗಲ್ಲಿನ ಅಂಕಿಯನ್ನು ಮಗಳಿಗೆ ಹೇಳಿದೆ. ಅವಳು, "ಗೊತ್ತಪ್ಪ, ಅಲ್ಲಿ ನಾನು ಐವತ್ತಕ್ಕಿಂತ ಹೆಚ್ಚು ಹೋಗುವುದಿಲ್ಲ" ಎಂದಳು.

ಚಳಿಗಾಲ ಕಳೆದು 2025ರ ಮಾರ್ಚಿನಲ್ಲಿ ಕಾರು ನನಗೆ ಮರಳಿತು. ಅಷ್ಟರಲ್ಲಿ ಅದು ಎಂಟು ಸಾವಿರ ಮೈಲಿ ಓಡಿತ್ತು. ಅಳೆದು ನೋಡಿದೆ: ಮೂರು ಟೈರುಗಳಲ್ಲಿ ಆರು ಮಿಲಿಮೀಟರು, ಎಡಗಡೆಯ ಮುಂದಿನದರಲ್ಲಿ ಐದು. ಕಾಸಲ್ ಕೂಮಿನ ತಿರುವುಗಳಲ್ಲಿ ಹೆಚ್ಚಿನವು ಬಲಕ್ಕೆ. ಭಾರವೆಲ್ಲ ಆ ಎಡಮೂಲೆಯ ಮೇಲೆ ಬೀಳುತ್ತದೆ. ಅದನ್ನು ಹಿಂದಕ್ಕೆ ಹಾಕಿಸಿ, ಹಿಂದಿನದನ್ನು ಮುಂದಕ್ಕೆ ತಂದುಕೊಂಡೆ.